ಬೆಕ್ಕಿನ ಬಲಮಗ್ಗುಲು

ಸೂರತ್ತಿನ ಉಧ್ನಾದಲ್ಲಿ ವಡೋದರಾ ಕಡೆಯ ಬೆಳಗಿನ ಗಾಡಿ ಹತ್ತಿ, ಕಿಟಕಿ ಪಕ್ಕ ಜಾಗ ಸಿಕ್ಕಿದ್ದೇ ಪುಣ್ಯ ಎಂದು ಮಂಡಿ ನೀವಿಕೊಳ್ಳುತ್ತ ತಲೆ ಎತ್ತಿದೆ. ಎದುರು ಸೀಟಿನ ಹೆಂಗಸಿನ ಸೀರೆಯ ತುಂಬ ನನ್ನ ಬೆಕ್ಕು ಇತ್ತು. ಕಡುಹಸಿರು ಸಿಂಥೆಟಿಕ್ ಸೀರೆ. ತಾಳೆಗರಿಗಳ ನಡುವೆ ಜೋಡಿ ಜೋಡಿ ಬೆಕ್ಕುಗಳು, ಒಂದು ಎಡಕ್ಕೆ ಮುಖ ಮಾಡಿದ್ದು, ಇನ್ನೊಂದು ಬಲಕ್ಕೆ. ನಾನು ಬರೆದ ಡಿಸೈನು ಯಾರದೋ ಮೈಮೇಲೆ ಕಾಣುವುದು ನನಗೆ ಹೊಸದಲ್ಲ. ಮೂವತ್ತು ವರ್ಷ ಇದೇ ಉಧ್ನಾದ ಸೀರೆ ಮಿಲ್ಲೊಂದರ ಡಿಸೈನ್ ಕೋಣೆಯಲ್ಲಿ ಬೆನ್ನು ಬಗ್ಗಿಸಿ ಕೂತು ಮಾವಿನಕಾಯಿ, ಬಳ್ಳಿ, ನವಿಲು ಎಂದು ಬರೆದವಳು ನಾನು. ಬಸ್ಸಿನಲ್ಲೋ ತರಕಾರಿ ಮಾರ್ಕೆಟ್ಟಿನಲ್ಲೋ ಕಂಡರೆ ಒಮ್ಮೆ ನೋಡಿ ನನ್ನ ದಾರಿ ನಾನು ಹಿಡಿಯುತ್ತೇನೆ. ಈ ಬೆಕ್ಕು ಕಂಡಾಗ ಮಾತ್ರ ಹಾಗೆ ಆಗುವುದಿಲ್ಲ.

"ಏನು ನೋಡ್ತಿದ್ದೀರಿ, ಬೆನ್?" ಎಂದು ಆಕೆ ಹಿಂದಿಯಲ್ಲಿ ಕೇಳಿದಳು. ಬೆನ್ ಎಂದರೆ ಗುಜರಾತಿಯಲ್ಲಿ ಅಕ್ಕ.

"ಸೀರೆ ಚೆನ್ನಾಗಿದೆ."

"ಹಳೇದು ಇದು. ಎಷ್ಟು ಒಗೆದರೂ ಬಣ್ಣ ಬಿಟ್ಟಿಲ್ಲ. ಬೆಕ್ಕು ಹಾಗೇ ಇದೆ ನೋಡಿ."

ನಾನು ಹೌದೆಂದು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದೆ. ನನ್ನ ಕಾಲ ಬಳಿಯ ಚೀಲದಲ್ಲಿ ಈ ಬೆಕ್ಕನ್ನು ಮೊದಲು ಬರೆದ ವರ್ಷದ ಚಿತ್ರದ ಪುಸ್ತಕವೂ ಇತ್ತು. ಹಾಳೆಗಳಿಗೆ ಬೂಷ್ಟು ಹತ್ತುತ್ತಿದೆ, ತಂದುಕೊಡು, ಸ್ಕ್ಯಾನ್ ಮಾಡಿಡುತ್ತೇನೆ ಎಂದು ವಡೋದರಾದಲ್ಲಿರುವ ಮಗಳು ಮೇಘಾ ಎಷ್ಟೋ ದಿನದಿಂದ ಹೇಳುತ್ತಿದ್ದಳು. ಅದನ್ನು ಹೊತ್ತು ಹೊರಟ ದಿನವೇ ಈ ಸೀರೆ ಎದುರು ಬಂದು ಕೂರಬೇಕೇ?

ಹತ್ತು ವರ್ಷದ ಹಿಂದಿನ ಮಾತು. ನಮ್ಮವರು ಸೂರತ್ತಿನ ಡೈಯಿಂಗ್ ಮಿಲ್ಲೊಂದರಲ್ಲಿ ಬಾಯ್ಲರ್ ಇಂಜಿನಿಯರ್. ಬೋರ್ನಿಯೋ ದ್ವೀಪದಲ್ಲಿ ತಾಳೆ ಎಣ್ಣೆ ತೆಗೆಯುವ ಕಾರ್ಖಾನೆಯೊಂದಕ್ಕೆ ಒಂದು ವರ್ಷದ ಮಟ್ಟಿಗೆ ಬಾಯ್ಲರ್ ನೋಡಿಕೊಳ್ಳುವವರು ಬೇಕಾಗಿದ್ದರು. "ಒಂದ್ ವರ್ಷ ಹೋಗಿ ಬರೂಣು ಗಿರಿಜಾ, ಇಲ್ಲಿ ಇದ್ದೂ ಏನ್ ಮಾಡೂದೈತಿ," ಎಂದರು. ನಾವಿಬ್ಬರೂ ಬೆಟಗೇರಿಯವರು. ಸೂರತ್ತಿಗೆ ಬಂದು ಅಷ್ಟು ವರ್ಷವಾದರೂ ಮನೆಯಲ್ಲಿ ಮಾತು ಬೆಟಗೇರಿಯದೇ. ಮೇಘಾ ಆಗ ವಡೋದರಾದಲ್ಲಿ ಹಾಸ್ಟೆಲ್ ಸೇರಿದ್ದಳು. ನಾನು ಡಿಸೈನ್ ಕೋಣೆಯ ಶೇಠ್‌ಗೆ ಹೇಳಿ ಒಂದು ವರ್ಷದ ರಜೆ ತೆಗೆದುಕೊಂಡೆ. ಕಾಡು ನೋಡುವ ಆಸೆಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ನನಗೆ ದಣಿವಾಗಿತ್ತು. ಯಾರೂ ಸೀರೆಗೆ ಬುಟ್ಟಾ ಬರೆದುಕೊಡಿ ಎಂದು ಕೇಳದ ಜಾಗದಲ್ಲಿ ನಿದ್ದೆ ಮಾಡಬೇಕಾಗಿತ್ತು, ಅಷ್ಟೇ.

ನಮಗೆ ಕೊಟ್ಟಿದ್ದು ತೋಟದ ಕ್ವಾರ್ಟರ್ಸ್ ಸಾಲಿನ ಕೊನೆಯ ಮನೆ. ಕಂಬಗಳ ಮೇಲೆ ನಿಂತ ಮರದ ಮನೆ. ಹಿಂದಿನ ಜಗಲಿಯಲ್ಲಿ ನಿಂತರೆ ಒಂದು ಚರಂಡಿ, ಅದರ ಬಲಗಡೆ ಸಿಮೆಂಟಿನ ಮೋರಿ, ಆಚೆ ನಾಲ್ಕಾರು ಸಾಲು ತಾಳೆ, ಅದರಾಚೆ ನಿಜವಾದ ಕಾಡು. ಬೆಳಿಗ್ಗೆ ಮಂಜು, ಮಧ್ಯಾಹ್ನ ಮೈ ಬೇಯುವ ಸೆಕೆ, ಮೂರು ಗಂಟೆಗೆ ಸರಿಯಾಗಿ ಮಳೆ. ಗಾಳಿ ಈ ಕಡೆ ತಿರುಗಿದರೆ ಎಣ್ಣೆ ಕಾರ್ಖಾನೆಯ ಹುಳಿ ವಾಸನೆ. ಮೊದಲ ತಿಂಗಳು ನಾನು ಬರೀ ಮಲಗಿದೆ. ಮಲಗಿ ಮಲಗಿ ಅದೂ ಸಾಕಾಗಿ, ಒಂದು ದಿನ ಪೆನ್ಸಿಲ್ ಹಿಡಿದು ಜಗಲಿಯಲ್ಲಿ ಕೂತೆ.

ಅಲ್ಲಿಯವರೆಗೆ ನಾನು ಅಲುಗಾಡುವುದನ್ನು ಬರೆದವಳೇ ಅಲ್ಲ. ಮಿಲ್ಲಿನಲ್ಲಿ ನವಿಲು ಬರೆಯುವಾಗ ನವಿಲು ಯಾರು ನೋಡುತ್ತಾರೆ? ಹಳೆಯ ಡಿಸೈನು ನೋಡಿ ಹೊಸದು ಬರೆಯುವುದು. ಇಲ್ಲಿ ಮಂಗಟ್ಟೆ ಹಕ್ಕಿ ರೆಕ್ಕೆ ಬೀಸಿದರೆ ಯಾರೋ ಮೇಲೆ ಕಂಬಳಿ ಒದರಿದ ಸದ್ದು. ತಲೆ ಎತ್ತುವಷ್ಟರಲ್ಲಿ ಹಕ್ಕಿ ಮರದಾಚೆ. ಉಡ ಚರಂಡಿಯಲ್ಲಿ ತೆವಳಿ ಬಂದು, ನಾನು ಅದರ ಬಾಲ ಬರೆಯುವ ಹೊತ್ತಿಗೆ ನೀರಿಗಿಳಿದಿರುತ್ತಿತ್ತು. ಮಿಂಚುಳ್ಳಿಯ ನೀಲಿಗೆ ನನ್ನ ಡಬ್ಬಿಯಲ್ಲಿ ಬಣ್ಣವೇ ಇರಲಿಲ್ಲ. ಕಾಲುಭಾಗ ಕೋತಿ, ಅರ್ಧ ಅಳಿಲು, ಒಂದು ಕೊಕ್ಕು, ಇಂಥವುಗಳಿಂದ ಪುಸ್ತಕ ತುಂಬಿತು. ಆ ತೇವಕ್ಕೆ ಕಾಗದ ನಾದಿದ ಹಿಟ್ಟಿನಂತೆ ಮೆತ್ತಗಾಗುತ್ತಿತ್ತು. ನಮ್ಮವರು ಬೆಳಿಗ್ಗೆ ಅದನ್ನು ಬಾಯ್ಲರ್ ಮನೆಗೆ ಒಯ್ದು, ಬಿಸಿ ಗೋಡೆಯ ಪಕ್ಕ ತೂಗಿಬಿಟ್ಟು, ಸಂಜೆ ಗರಿಗರಿ ಮಾಡಿ ತರುತ್ತಿದ್ದರು. "ಇದೇನು ಚಿತ್ರದ ಪುಸ್ತಕೋ, ನಿಮ್ಮವ್ವನ ಸಂಡಿಗಿಯೋ?" ಎನ್ನುವುದು ಅವರ ದಿನದ ಮಾತು.

ಒಂದು ಮಾತ್ರ ನನಗೆ ಪೂರ್ತಿಯಾಗಿ ಸಿಕ್ಕಿತು. ದಿನಾ ಬೆಳಕು ಹರಿಯುವ ಹೊತ್ತಿಗೆ ಮೋರಿಯಿಂದ ಒಂದು ಬೆಕ್ಕು ಹೊರಬರುತ್ತಿತ್ತು. ಚಿರತೆ ಬೆಕ್ಕು. ನಮ್ಮ ಮನೆ ಬೆಕ್ಕಿನಷ್ಟೇ ದೊಡ್ಡದು, ಕಾಲು ತುಸು ಉದ್ದ, ಮೈತುಂಬ ಕಪ್ಪು ಚುಕ್ಕೆ, ಕಣ್ಣಿನಿಂದ ಹಣೆಗೆ ಏರಿದ ಎರಡು ಬಿಳಿ ಗೀರು. ಮೂಗಿನ ಮೇಲೆ ಹಳೆಯ ಗಾಯದ ಕಲೆ. ಮೋರಿಯಿಂದ ಚರಂಡಿಯ ಏರಿಯುದ್ದಕ್ಕೂ, ನನ್ನ ಬಲದಿಂದ ಎಡಕ್ಕೆ, ಅವಸರವಿಲ್ಲದೆ ನಡೆದು ತಾಳೆಮರಗಳಲ್ಲಿ ಮರೆಯಾಗುತ್ತಿತ್ತು. ವಾಪಸ್ಸು ಬರುವುದು ಬೇರೆ ದಾರಿಯಲ್ಲಿ, ಮೋರಿಯ ಹಿಂದಿನಿಂದ. ನಾನು ಅದಕ್ಕೆ ಚುಕ್ಕವ್ವ ಎಂದು ಹೆಸರಿಟ್ಟೆ. ಮೂರು ತಿಂಗಳಲ್ಲಿ ಆಕೆಯ ಒಂದೊಂದು ಚುಕ್ಕೆಯೂ ನನಗೆ ಬಾಯಿಪಾಠವಾಯಿತು. ಭುಜದ ಮೇಲೆ ಎರಡು ಉದ್ದ ಪಟ್ಟೆ, ಅದರ ಕೆಳಗೆ ಹುಣಸೆ ಬೀಜದಂಥ ಐದು. ಆಮೇಲೆ ಮೋರಿಯ ಬಾಯಲ್ಲಿ ಎರಡು ಮರಿಗಳ ಮೂಗು ಕಾಣಿಸತೊಡಗಿತು. ನಾನು ಬದುಕಿನಲ್ಲಿ ಅಷ್ಟು ಖುಷಿಯಾಗಿ ಬೇರೆ ಯಾವ ಬೆಳಗೂ ಎದ್ದಿಲ್ಲ.

ಆ ಚಿತ್ರಗಳನ್ನು ಕೇಳಿ ನೋಡುತ್ತಿದ್ದವನು ಇದ್ರಿಸ್. ತೋಟದ ಕಾವಲುಗಾರ, ಐವತ್ತರ ಆಸುಪಾಸು, ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದವನು. ನನ್ನನ್ನು 'ಕಾಕ್' ಎಂದು ಕರೆಯುತ್ತಿದ್ದ. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ಅವನದು ಮುರುಕು ಇಂಗ್ಲಿಷ್, ನನ್ನದು ಅದಕ್ಕಿಂತ ಮುರುಕು. ಉಳಿದದ್ದನ್ನು ಕೈ ಹೇಳುತ್ತಿತ್ತು.

ಆ ಹೊತ್ತಿಗೆ ಕೂಲಿ ಲೈನಿನ ಮನೆಗಳಲ್ಲಿ ಕೋಳಿ ಕಾಣೆಯಾಗತೊಡಗಿದವು. ಬೆಕ್ಕಿನದೇ ಕೆಲಸ, ವಿಷದ ಮಾಂಸ ಇಟ್ಟು ಎಲ್ಲವನ್ನೂ ಮುಗಿಸಿಬಿಡಿ ಎಂದು ಮ್ಯಾನೇಜರ್ ಹೇಳಿದ. ಇದ್ರಿಸ್ ಅವನ ಹತ್ತಿರ ಹೋಗಿ ಬೇಡಿಕೊಂಡ. ಪಂಜರ ಇಡುತ್ತೇನೆ, ಸಿಕ್ಕ ಬೆಕ್ಕನ್ನು ನದಿಯಾಚೆಯ ಕಾಡಿಗೆ ಬಿಟ್ಟು ಬರುತ್ತೇನೆ ಎಂದ. ಮ್ಯಾನೇಜರ್ ಒಪ್ಪಿದ. ಆದರೆ ಮರಿಯಿರುವ ಚುಕ್ಕವ್ವನೇ ಸಿಕ್ಕರೆ? ಇದ್ರಿಸ್ ನನ್ನ ಹತ್ತಿರ ಬಂದ.

"ಕಾಕ್, ತಾಯಿಬೆಕ್ಕಿನ ಚಿತ್ರ ಒಂದು ದೊಡ್ಡ ಹಾಳೆಯಲ್ಲಿ ಬರೆದು ಕೊಡಿ. ಎರಡೂ ಮಗ್ಗುಲು ಬೇಕು. ಪಂಜರದ ಪಕ್ಕ ತೂಗುಹಾಕ್ತೀನಿ. ಅದೇ ಆದರೆ ಅಲ್ಲೇ ಬಾಗಿಲು ತೆಗೀತೀವಿ. ಬೇರೆಯದಾದರೆ ನದಿ ದಾಟಿಸ್ತೀವಿ."

ನನ್ನ ಗೆರೆಗೆ ಅಂಥ ಕೆಲಸ ಯಾವತ್ತೂ ಬಂದಿರಲಿಲ್ಲ. ಎರಡು ದಿನ ಕೂತು ಎಡಮಗ್ಗುಲು ಬರೆದೆ. ಒಂದು ಚುಕ್ಕೆ ಆಚೀಚೆಯಾಗಲಿಲ್ಲ. ಆಮೇಲೆ ಬಲಮಗ್ಗುಲಿಗೆ ಬಂದೆ. ಇಲ್ಲಿ ನಾನು ಮಾಡಿದ್ದು ಯೋಚಿಸಿ ಮಾಡಿದ ಕೆಲಸವಲ್ಲ. ನಮ್ಮ ಕಸುಬಿನಲ್ಲಿ ಯಾವುದನ್ನೂ ಪೂರ್ತಿ ಬರೆಯುವುದಿಲ್ಲ. ಅರ್ಧ ಬರೆದು, ಮೇಲೆ ಬಟರ್ ಪೇಪರ್ ಇಟ್ಟು ಗೆರೆ ಎತ್ತಿ, ಪೇಪರ್ ಮಗುಚಿ ಉಜ್ಜಿದರೆ ಉಳಿದರ್ಧ ತಾನೇ ಬರುತ್ತದೆ. ಮೂವತ್ತು ವರ್ಷದಲ್ಲಿ ನಾನು ಒಂದೇ ಒಂದು ನವಿಲಿನ ಎರಡನೆಯ ರೆಕ್ಕೆ ಬರೆದಿಲ್ಲ. ಕೈ ತನ್ನಷ್ಟಕ್ಕೆ ಬಟರ್ ಪೇಪರ್ ತೆಗೆದುಕೊಂಡಿತು, ಮಗುಚಿತು, ಉಜ್ಜಿತು. ಚುಕ್ಕವ್ವನ ಬಲಮಗ್ಗುಲು ಸಿದ್ಧವಾಯಿತು. ಅದನ್ನು ನಾನು ಒಮ್ಮೆಯೂ ನೋಡಿರಲೇ ಇಲ್ಲ.

ಹೆಮ್ಮೆಯಿಂದ ಮೇಘಾಗೆ ಫೋನಿನಲ್ಲಿ ಚಿತ್ರ ಕಳಿಸಿದೆ. ಅವಳ ಕನ್ನಡ ಸೂರತ್ತಿನಲ್ಲಿ ಬೆಳೆದ ಕನ್ನಡ. "ಮಮ್ಮಿ, ಮಸ್ತ್ ಐತಿ! ಆದ್ರ ದೋನೋ ಸೈಡ್ ಸೇಮ್ ಯಾಕ? ಫ್ಲಿಪ್ ಮಾಡೀಯೇನು?" ಎಂದಳು.

"ಮತ್ತೇನ ಮಾಡ್ಲಿ? ಬೆಕ್ಕಿಗೆ ಎರಡು ಥರದ ಮೈ ಇರ್ತಾವೇನ?" ಎಂದು ನಕ್ಕೆ. ಅವಳೂ ನಕ್ಕಳು.

ಅದಾಗಿ ಒಂದು ವಾರಕ್ಕೆ ನಾವು ಅಕ್ಕಿ ಬೇಳೆ ತರಲು ಪಟ್ಟಣಕ್ಕೆ ಹೋಗಿದ್ದೆವು. ಸಂಜೆ ಬಂದಾಗ ಇದ್ರಿಸ್ ಗೇಟಿನಲ್ಲೇ ಸಿಕ್ಕ. ಬೆಳಿಗ್ಗೆ ಒಂದು ಬೆಕ್ಕು ಬಿತ್ತು, ಚಿತ್ರಕ್ಕೆ ಹೋಲಿಸಿ ನೋಡಿದೆ, ನಿಮ್ಮದಲ್ಲ, ನದಿಯಾಚೆ ಬಿಟ್ಟು ಬಂದೆ ಎಂದ. ಕಳ್ಳ ಸಿಕ್ಕ ಎಂದು ಮೂವರೂ ಖುಷಿಪಟ್ಟೆವು.

ಮರುದಿನ ಚುಕ್ಕವ್ವ ಬರಲಿಲ್ಲ. ಹತ್ತು ಗಂಟೆಯ ಬಿಸಿಲಿಗೆ ಮರಿಗಳು ತಾವಾಗಿ ಮೋರಿಯಿಂದ ಹೊರಬಂದು ಕೂಗತೊಡಗಿದವು. ಯಾವತ್ತೂ ಹಾಗೆ ಬಂದವಲ್ಲ. ನಾನು ಇದ್ರಿಸನನ್ನು ಕರೆಸಿದೆ. ಅವನು ಮೋರಿಯ ಕಡೆ ನೋಡಿ, ಜೇಬಿನಿಂದ ಫೋನ್ ತೆಗೆದು ನಿನ್ನೆಯ ಫೋಟೋ ತೋರಿಸಿದ. ಮೂರು ಕಡೆ ತಗಡಿನ ಪಂಜರ, ಒಂದೇ ಕಡೆ ಜಾಲರಿ. ಬೆಕ್ಕು ಹೊಟ್ಟೆ ನೆಲಕ್ಕೊತ್ತಿ ಮೂಲೆಯಲ್ಲಿ ಮುದುಡಿತ್ತು. ಕಾಣುತ್ತಿದ್ದದ್ದು ಬಲಮಗ್ಗುಲು. ಅಲ್ಲಿ ಭುಜದ ಮೇಲೆ ಒಂದೇ ಪಟ್ಟೆ, ಕೆಳಗೆ ಚುಕ್ಕೆಗಳೆಲ್ಲ ಒಂದಕ್ಕೊಂದು ಕೂಡಿ ಮುರಿದ ಬಳೆಯಂತೆ ಆಗಿದ್ದವು. ನನ್ನ ಹಾಳೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೆ ಮುಖ ಇತ್ತ ತಿರುಗಿತ್ತು. ಮೂಗಿನ ಮೇಲೆ ಆ ಕಲೆ, ಮಗ್ಗುಲಿನ ಚುಕ್ಕೆಗಳ ಗುಂಗಿನಲ್ಲಿ ನಾನು ಹಾಳೆಯಲ್ಲಿ ಬರೆಯದೆ ಬಿಟ್ಟದ್ದು.

"ಅದೇನಾ, ಕಾಕ್?" ಎಂದು ಇದ್ರಿಸ್ ಮೆಲ್ಲಗೆ ಕೇಳಿದ. "ಅದೇ ಆದರೆ ಈಗಲೇ ಹೇಳಿ. ನದಿಯಾಚೆ ಅದನ್ನ ಬಿಟ್ಟ ಜಾಗಕ್ಕೇ ಮರಿಗಳನ್ನ ಒಯ್ಯೋಣ. ತಾಯಿ ಎರಡು ದಿನ ಅಲ್ಲೇ ಸುತ್ತುತ್ತಾ ಇರತ್ತೆ. ಆಮೇಲೆ ಹೇಳೋಕಾಗಲ್ಲ."

ನನಗೆ ಗೊತ್ತಿತ್ತು. ನೋಡಿದ ಕೂಡಲೇ ಗೊತ್ತಾಗಿತ್ತು. ಆದರೆ ಹೌದು ಎಂದರೆ, ಮತ್ತೆ ಚಿತ್ರ ಯಾಕೆ ಹೀಗಿದೆ ಎಂದು ಅವನು ಕೇಳುತ್ತಾನೆ. ಕಾಣದ್ದನ್ನು ಕಂಡಂತೆ ಬರೆದುಕೊಟ್ಟೆ ಎಂದು ಹೇಳಬೇಕಾಗುತ್ತದೆ. ಆ ತೋಟದಲ್ಲಿ ನನಗಿದ್ದ ಮರ್ಯಾದೆಯೆಲ್ಲ ಆ ಹಾಳೆಯದೇ. ಹೋಗಿಬರುವ ಕೂಲಿ ಹೆಂಗಸರೂ ಅದರ ಮುಂದೆ ನಿಂತು ನೋಡುತ್ತಿದ್ದರು.

"ಸರಿಯಾಗಿ ಗೊತ್ತಾಗ್ತಿಲ್ಲ. ನಾಳೆ ಹೇಳ್ತೀನಿ," ಎಂದೆ.

ಅವನು ಒಂದು ಕ್ಷಣ ನನ್ನ ಮುಖ ನೋಡಿ, ಸರಿ ಎಂದು ಹೋದ. ಮೂರು ಗಂಟೆಯ ಮಳೆ ಅವತ್ತು ಬೇಗ ಬಂತು. ನಮ್ಮವರು ಕೆಲಸದಿಂದ ಬಂದು ಚಹಾ ಕುಡಿಯುವಾಗ ಎಲ್ಲ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಈಗ ಹೋಗಿ ಹೇಳು ಅವಂಗ."

"ಇಂಥಾ ಮಳಿಯಾಗೇನ್ರಿ? ನಾಳೆ ಮುಂಜಾನೆ ಹೇಳ್ತೀನಿ."

"ನಾಳಿಗೆ ಅಂತ ಮುಚ್ಚಿಟ್ಟದ್ದು ಹಳಸ್ತೈತಿ ಗಿರಿಜಾ. ಬಾಯ್ಲರ್ ಗೇಜ್ ಸುಳ್ಳು ತೋರಿಸ್ತೈತಿ ಅಂತ ಗೊತ್ತಾದ ಮ್ಯಾಲ ನಾ ನಾಳಿಗೆ ಅಂತ ಬಿಡ್ತೀನೇನು? ನಡಿ, ನಾನೂ ಬರ್ತೀನಿ, ಛತ್ರಿ ತೊಗೊ."

ನಾನು ಏಳಲಿಲ್ಲ. ತಲೆನೋವು ಎಂದು ಹೇಳಿ ಮಲಗಿಬಿಟ್ಟೆ. ನಿಜಕ್ಕೂ ತಲೆ ನೋಯುತ್ತಿತ್ತು, ಆದರೆ ಕಾಲಿಗೇನೂ ಆಗಿರಲಿಲ್ಲ.

ಬೆಳಿಗ್ಗೆ ಹೋಗಿ ಹೇಳಿದೆ. ಅದೂ ಅರ್ಧ. "ಮುಖ ನೋಡಿದರೆ ಅದೇ ಅನ್ನಿಸುತ್ತೆ," ಎಂದೆನೇ ಹೊರತು ಬಟರ್ ಪೇಪರಿನ ಮಾತು ಎತ್ತಲಿಲ್ಲ. ಅವನೂ ಚಿತ್ರದ ವಿಷಯ ಕೇಳಲಿಲ್ಲ. ಅಷ್ಟರಲ್ಲಿ ನದಿ ಏರಿತ್ತು, ದಾಟಿಸುವ ದೋಣಿ ಕಟ್ಟಿಹಾಕಿದ್ದರು. ಎರಡು ದಿನ ಕಾಯಬೇಕಾಯಿತು. ಮರಿಗಳನ್ನು ಬುಟ್ಟಿಯಲ್ಲಿ ನಮ್ಮವರ ಹಳೇ ಬನಿಯನ್ ಹಾಸಿ ಇಟ್ಟುಕೊಂಡೆವು. ಇದ್ರಿಸ್ ಮೀನು ಅರೆದು ತಂದುಕೊಟ್ಟ. ನಮ್ಮ ಮನೆಯೊಳಗೆ ಯಾವತ್ತೂ ಮೀನು ಬಂದಿರಲಿಲ್ಲ. ನಾನೇ ಬೆರಳಿನಲ್ಲಿ ತಿನ್ನಿಸಲು ನೋಡಿದೆ. ಚಿಕ್ಕದು ಬಾಯಿ ತೆರೆಯಲಿಲ್ಲ. ಎರಡನೆಯ ದಿನ ಮಧ್ಯಾಹ್ನ ನನ್ನ ಅಂಗೈಯಲ್ಲೇ ತಣ್ಣಗಾಯಿತು.

ಮೂರನೆಯ ದಿನ ಬದುಕಿದ್ದ ಒಂದನ್ನು ತೆಗೆದುಕೊಂಡು ನಾವು ಮೂವರೂ ದೋಣಿ ಹತ್ತಿದೆವು. ಚುಕ್ಕವ್ವನನ್ನು ಬಿಟ್ಟ ಜಾಗದಲ್ಲಿ, ಒಂದು ಬಿದ್ದ ಮರದ ಪೊಟರೆಯಲ್ಲಿ ಅದನ್ನಿಟ್ಟು ದೂರ ಹೋಗಿ ಕೂತೆವು. ಮರಿ ಬಹಳ ಹೊತ್ತು ಕೂಗಿತು. ಆಮೇಲೆ ಕೂಗಲಿಲ್ಲ. ಮಂಗಟ್ಟೆಗಳು ಮೇಲೆ ಹಾರಿ ಹೋದವು, ನಾನು ತಲೆ ಎತ್ತಿ ನೋಡಲಿಲ್ಲ. ದೋಣಿ ಹೊರಡುವ ಹೊತ್ತಾಯಿತು. ತಾಯಿ ಬಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದಿರಬಹುದು ಎಂದು ಇದ್ರಿಸ್ ಹೇಳುತ್ತಿದ್ದ. ಬಂದಿರಬಹುದು ಎಂದು ನಮ್ಮವರೂ ಹೇಳುತ್ತಿದ್ದರು. ಹೀಗೆ ಇಬ್ಬರು ಒಳ್ಳೆಯವರು ನನ್ನನ್ನು ಸಮಾಧಾನ ಮಾಡುವುದನ್ನು ಕೇಳಿಸಿಕೊಂಡು ಇನ್ನೂ ದಣಿದೆ.

ಕೋಳಿಗಳು ಮತ್ತೂ ಕಾಣೆಯಾಗುತ್ತಿದ್ದವು. ಹದಿನೈದು ದಿನದ ನಂತರ ಕೋಳಿಗೂಡಿನ ಹಲಗೆಯಡಿ ಒಂದು ಹೆಬ್ಬಾವು ಹೊಟ್ಟೆ ಉಬ್ಬಿಸಿಕೊಂಡು ಮಲಗಿದ್ದು ಸಿಕ್ಕಿತು. ಬೆಕ್ಕಿನ ತಪ್ಪು ಏನೂ ಇರಲಿಲ್ಲ. ಪಂಜರವನ್ನು ಉಗ್ರಾಣಕ್ಕೆ ಹಾಕಿದರು. ನನ್ನ ಹಾಳೆ ಒಂದು ದಿನ ಅಲ್ಲಿಂದ ಮಾಯವಾಗಿತ್ತು. ಮಳೆಗೆ ಹರಿದಿರಬೇಕು ಎಂದುಕೊಂಡೆ, ಕೇಳುವ ಧೈರ್ಯ ಮಾಡಲಿಲ್ಲ. ಆಮೇಲೆ ಜಗಲಿಯಲ್ಲಿ ಕೂತರೂ ಪೆನ್ಸಿಲ್ ಹಿಡಿಯಲಿಲ್ಲ. ಉಡ ಬಂದು ಗಂಟೆಗಟ್ಟಲೆ ಬಿಸಿಲು ಕಾಯಿಸುತ್ತ ಮಲಗುತ್ತಿತ್ತು, ಬೇಕಾದರೆ ಬರಿ ಎಂಬಂತೆ.

ವರ್ಷ ಮುಗಿದು ಹೊರಡುವ ದಿನ ಇದ್ರಿಸ್ ಬಸ್ಸಿನ ತನಕ ಚೀಲ ಹೊತ್ತು ತಂದ. ಕಿಟಕಿಯಿಂದ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟ. ಪಟ್ಟಣದಲ್ಲಿ ಪ್ರಿಂಟ್ ಹಾಕಿಸಿ ತಂದ ಫೋಟೋ. ಪಂಜರದ ಚುಕ್ಕವ್ವ, ಬಲಮಗ್ಗುಲು.

"ಈ ಕಡೆ ನೀವು ನೋಡಿರಲಿಲ್ಲ ಅಲ್ವಾ, ಕಾಕ್? ಪುಸ್ತಕದಲ್ಲಿ ಇರಲಿ," ಎಂದ.

ಅವನಿಗೆ ಗೊತ್ತಿತ್ತು. ಯಾವತ್ತಿನಿಂದ ಗೊತ್ತಿತ್ತೋ! ಆ ಹಾಳೆ ಕಿತ್ತು ತೆಗೆದವನೂ ಅವನೇ ಇರಬೇಕು, ಬೇರೆ ಯಾರಾದರೂ ಎರಡು ಮಗ್ಗುಲು ಹೋಲಿಸಿ ನೋಡುವ ಮುಂಚೆ. ಹೇಳಲು ಬಾಯಿ ತೆರೆದೆ. ಬಸ್ಸು ಹೊರಟಿತು. ಅವರ ಭಾಷೆಯಲ್ಲಿ ನನಗೆ ಬರುತ್ತಿದ್ದ 'ತೆರಿಮಾ ಕಾಸಿ' ಎಂಬ ಧನ್ಯವಾದವಷ್ಟೇ ಹೊರಬಂತು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಉಧ್ನಾಕ್ಕೆ ಬಂದು ಕೆಲಸಕ್ಕೆ ಹೋದ ಮೊದಲ ವಾರವೇ ಶೇಠ್ ನನ್ನ ಪುಸ್ತಕ ತಿರುವಿ ಹಾಕಿ, ಚುಕ್ಕವ್ವನ ಮೇಲೆ ಬೆರಳಿಟ್ಟರು. ಈಗ ಕಾಡಿನ ಪ್ರಿಂಟ್ ಓಡುತ್ತಿದೆ, ಇದನ್ನು ಹಾಕಿ ಎಂದರು. ಫೋಟೋ ನನ್ನ ಹತ್ತಿರ ಇತ್ತು. ಬಲಮಗ್ಗುಲನ್ನು ನೋಡಿ ಬರೆಯಬಹುದಿತ್ತು. ಶುರುವೂ ಮಾಡಿದೆ. ಜೋಡಿ ಸರಿಯಾಗಿ ಕೂರುತ್ತಿಲ್ಲ, ಹೀಗೆ ವಕ್ರ ಕಾಣುತ್ತದೆ, ಮಗುಚಿಬಿಡಿ ಬೆನ್, ಸೀರೆಯಲ್ಲಿ ಯಾರು ನೋಡುತ್ತಾರೆ ಎಂದು ಪ್ರಿಂಟ್ ಮಾಸ್ಟರ್ ಹೇಳಿದ. ಸೂರತ್ತಿನ ಮೇ ತಿಂಗಳ ಸೆಕೆ, ಮೇಜಿನ ಮೇಲೆ ಬಾಕಿ ಬಿದ್ದ ಒಂದು ರಾಶಿ ಕೆಲಸ. ವಾದಿಸುವ ಶಕ್ತಿ ಇರಲಿಲ್ಲ. ಮಗುಚಿ ಉಜ್ಜಿದೆ.

ಗಾಡಿ ಭರೂಚ್ ಹತ್ತಿರ ನರ್ಮದೆಯ ಸೇತುವೆಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಚೀಲದಿಂದ ಪುಸ್ತಕ ತೆಗೆದೆ. ಬೂಷ್ಟಿನ ವಾಸನೆಯ ಅಡಿಯಲ್ಲಿ ಇನ್ನೂ ಬಾಯ್ಲರ್ ಮನೆಯ ವಾಸನೆ ಇತ್ತು. ಎದುರಿನ ಹೆಂಗಸು ಮುಂದೆ ಬಗ್ಗಿ ನೋಡಿದಳು.

"ಅರೆ! ಇದು ನನ್ನ ಸೀರೆಯ ಬೆಕ್ಕಲ್ವಾ?"

"ಹೌದು."

"ನೀವು ನೋಡಿದ್ದೀರಾ ಇದನ್ನ? ನಿಜವಾಗಿ ಇದೆಯಾ?"

ಪುಟಗಳ ನಡುವಿನಿಂದ ಫೋಟೋ ತೆಗೆದು ಆಕೆಯ ಕೈಗೆ ಕೊಟ್ಟೆ. ಆಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸೆರಗನ್ನು ಮೊಣಕಾಲ ಮೇಲೆ ಹರಡಿ, ಬಲಕ್ಕೆ ಮುಖ ಮಾಡಿದ ಬೆಕ್ಕಿನ ಪಕ್ಕ ಫೋಟೋ ಇಟ್ಟು, ಬೆರಳಿನಲ್ಲಿ ಒಂದೊಂದೇ ಚುಕ್ಕೆ ಹೋಲಿಸಿದಳು. ಸೀರೆಯಲ್ಲಿ ಯಾರೂ ನೋಡುವುದಿಲ್ಲ ಎಂದು ಹೇಳಿದವನು ಅಲ್ಲಿರಬೇಕಿತ್ತು. ಇದ್ರಿಸ್ ಕೂಡ ಆ ಬೆಳಿಗ್ಗೆ ಹೀಗೇ, ಇಷ್ಟೇ ಶ್ರದ್ಧೆಯಿಂದ, ನನ್ನ ಹಾಳೆಯನ್ನೂ ಪಂಜರವನ್ನೂ ನೋಡುತ್ತ ನಿಂತಿದ್ದಿರಬೇಕು.

"ಇಲ್ಲ ಬೆನ್," ಎಂದು ಆಕೆ ತಲೆಯಾಡಿಸಿ ಫೋಟೋ ವಾಪಸ್ಸು ಕೊಟ್ಟಳು. "ಇದು ಬೇರೆ ಬೆಕ್ಕು."

"ಅಲ್ಲ, ಅದೇ," ಎಂದೆ. "ತಪ್ಪಿರೋದು ಸೀರೆಯಲ್ಲಿ. ಅದನ್ನ ಬರೆದವಳು ನಾನು."